ಮೂರನೆಯ ಕೂಗು

೨೩ ಅಕ್ಟೋಬರ್ ೧೯೩೮, ಆದಿತ್ಯವಾರ

ಪಾದ್ರಿ ಅಮ್ಮ ಇವತ್ತು ನನ್ನ ಕೈಗೆ ಒಂದು ನೋಟುಬುಕ್ಕು ಕೊಟ್ಟರು. ಮಾಸೂರಿನ ನಮ್ಮ ಸಭೆಯಲ್ಲಿ ಹೆಂಗಸರು ಹದಿನಾಲ್ಕು ಮಂದಿ. ಅಕ್ಷರ ಬಲ್ಲವಳು ನಾನೊಬ್ಬಳೇ. ಅದೂ ಪ್ಲೇಗಿನ ವರ್ಷ ಮಿಶನ್ನಿನ ಚಪ್ಪರದ ಕೆಳಗೆ ಕುಳಿತು ಎರಡನೆಯ ಪುಸ್ತಕದವರೆಗೆ ಕಲಿತದ್ದು. ಹಾಗಾಗಿ ಈ ಶಿಕ್ಷೆ ನನ್ನ ಪಾಲಿಗೆ ಬಂತು. ಇವತ್ತು ಯೇಸುಸ್ವಾಮಿಯ ಹಾಗೆ ಎಲ್ಲಿ ನಡೆದೆ, ಎಲ್ಲಿ ನಡೆಯಲಿಲ್ಲ ಅಂತ ಬರೆಯಬೇಕಂತೆ. ಯಾರಿಗೂ ತೋರಿಸುವುದು ಬೇಡವಂತೆ.

“ಹೊರಗ ಸೀರಿ ಬದಲಿ ಮಾಡಿದ್ರ ಆಗಂಗಿಲ್ರಿ ನಾಗವ್ವ. ಒಳಗ ಬದಲಿ ಆಗಬೇಕು,” ಅಂದರು.

“ಒಳಗಿಂದು ಯಾರು ನೋಡ್ತಾರ್ರಿ ಅಮ್ಮಾರ?”

“ಸ್ವಾಮಿ ನೋಡ್ತಾನ್ರಿ.”

ಅವನಿಗೆ ಬೇರೆ ಉದ್ಯೋಗವಿಲ್ಲವೇ ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇವತ್ತು ಯೇಸುವಿನ ಹಾಗೆ ನಡೆದದ್ದು ಅಷ್ಟೇ.

ಬರೆಯುವುದಾದರೆ ಇದ್ದದ್ದನ್ನೇ ಬರೆಯುತ್ತೇನೆ. ನನಗೆ ಅರವತ್ತು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಶಾಂತವ್ವ. ಆ ಹೆಸರಿನಿಂದ ಈವರೆಗೆ ಯಾರೂ ಕರೆದಿಲ್ಲ, ಕರೆಯಲು ಕಾರಣವನ್ನು ನಾನೂ ಕೊಟ್ಟಿಲ್ಲ. ಮನೆಯಲ್ಲಿ ಮೂವರಿದ್ದೇವೆ: ನಾನು, ಸೊಸೆ ಶಾರವ್ವ, ಆರು ವರ್ಷದ ಮೊಮ್ಮಗಳು ರಿಬ್ಕಿ. ಮಗ ದಾನಪ್ಪ ಹೋಗಿ ಮೂರು ವರ್ಷವಾಯಿತು. ಮದಗದ ಕೆರೆಯ ನೀರನ್ನು ಗದ್ದೆಗೆ ತಿರುಗಿಸಲು ಹೋದವನಿಗೆ ಹಾವು ಕಚ್ಚಿತು. ಈಗ ಗೌಡರ ಅದೇ ಗದ್ದೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಕೂಲಿ.

ಮಳೆಗೆ ಬಿದ್ದ ಪ್ರಾರ್ಥನೆ ಮನೆಯ ಗೋಡೆ ಕಟ್ಟಲು ಹಾನಗಲ್ಲಿನಿಂದ ಹೂವಪ್ಪ ಅನ್ನುವ ಗೌಂಡಿ ಬಂದಿದ್ದಾನೆ. ನಮ್ಮ ಸಭೆಯವನೇ, ಹೆಂಡತಿ ಸತ್ತವನು. ಹೆಂಗಸರು ಸರತಿಯ ಪ್ರಕಾರ ಮಣ್ಣು ಹೊರುತ್ತೇವೆ. ಶಾರವ್ವನ ಸರತಿ ಎರಡು ದಿನದ್ದು. ಎಂಟು ದಿನ ಹೊತ್ತಿದ್ದಾಳೆ. ನನ್ನ ಕಣ್ಣು ಇನ್ನೂ ಹೋಗಿಲ್ಲ.

೨೬ ಅಕ್ಟೋಬರ್, ಬುಧವಾರ

ಅಂದುಕೊಂಡದ್ದೇ ಆಯಿತು. ಗೌಂಡಿ ಮನೆಗೆ ಬಂದ. ತಲೆಗೆ ರುಮಾಲು ಸುತ್ತಿ, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ನಿಂತ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ರೊಟ್ಟಿ ಬೇಯಿಸಬಹುದು, ಅಷ್ಟು ನಿಧಾನದ ಮನುಷ್ಯ.

“ಅವ್ವಾರ, ಕುಂದ್ರಲೇನ್ರಿ?”

“ಗೋಡಿ ಕಟ್ಟಾಂವಗ ಕುಂದರಾಕ ಪುರಸೊತ್ತು ಎಲ್ಲಿಂದ ಬಂತು?”

ಕುಳಿತ. ಮಂಡಿಯ ಮೇಲಿನ ಸುಣ್ಣ ಒರೆಸಿಕೊಂಡ. “ಶಾರವ್ವನ್ನ ಮದುವಿ ಆಗಬೇಕಂತ ಮಾಡೇನ್ರಿ. ಅಕಿ ಒಪ್ಪ್ಯಾಳ. ನಿಮ್ಮದೊಂದು ಮಾತು ಬೇಕಾಗಿತ್ತು.”

“ನನ್ನ ಮಾತು ಬೇಕಂದ್ರ ಊರ ತುಂಬ ಬಿದ್ದಾವು, ಆರಿಸಿಕೊ. ಹೂಂ ಅನ್ನೂದೊಂದು ಸಿಗಂಗಿಲ್ಲ.”

“ಅದೊಂದ ಬೇಕಾಗಿತ್ರಿ,” ಅಂದು ನಕ್ಕ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. “ರಿಬ್ಕಿ ನಮ್ಮ ಕೂಡ ಇರ್ತಾಳ್ರಿ. ನೀವೂ ಬರ್ರಿ. ಹಾನಗಲ್ಲಾಗ ಎರಡು ಖೋಲಿ ಮನಿ ಐತಿ. ಇನ್ನೊಂದು ಖೋಲಿ ಕಟ್ಟತೇನಿ.”

“ನೀ ಕಟ್ಟಿದ್ದು ಒಂದು ಮಳಿಗಾಲ ತಡೀಲಿ, ಆಮ್ಯಾಲ ನೋಡೂಣು.”

ಅವನು ಹೋದ ಮೇಲೆ ಶಾರವ್ವ ಒಲೆಯ ಮುಂದೆ ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದಳು: “ಅತ್ತಿ, ನಾ ನಿಮ್ಮನ್ನ ಬಿಟ್ಟು ಹೋಗಾಕತ್ತಿಲ್ಲ. ಅಂವನ ಕೂಡ ಹೋಗಾಕತ್ತೇನಿ. ಎರಡೂ ಬ್ಯಾರೆ.”

ಅದಕ್ಕೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಹಾಳೆ ಹೊಸದು.

೨ ನವೆಂಬರ್, ಬುಧವಾರ

ಪಾದ್ರಿಗಳು ಕರೆಸಿ ಕೇಳಿದರು. ಒಪ್ಪಿಗೆ ಇಲ್ಲ ಅಂದೆ. ಅತ್ತೆಯ ಒಪ್ಪಿಗೆ ಇದ್ದರೆ ಸಂತೋಷ, ಇಲ್ಲದಿದ್ದರೂ ಮದುವೆ ನಡೆಯುತ್ತದೆ ಅಂದರು. ಹಾಗಾದರೆ ನನ್ನನ್ನು ಕೇಳಿದ್ದೇಕೆ?

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಆದಿತ್ಯವಾರ ಸಭೆಯ ಮುಂದೆ ಗಂಡು ಹೆಣ್ಣಿನ ಹೆಸರು ಕೂಗುತ್ತಾರೆ. ಯಾರದಾದರೂ ತಕರಾರಿದ್ದರೆ ಆಗ ಎದ್ದು ಹೇಳಬೇಕು. ತಕರಾರು ಗಟ್ಟಿಯಾಗಿದ್ದರೆ ಮದುವೆ ನಿಂತು, ವಿಚಾರಣೆ ಮೇಲಿನ ಹಿರಿಯರ ಕಡೆಗೆ ಹೋಗುತ್ತದೆ. ಅವರು ಬರುವುದರೊಳಗೆ ಒಂದು ಬೇಸಿಗೆ ಕಳೆಯುತ್ತದೆ. ಗೌಂಡಿ ಅಷ್ಟು ದಿನ ಇಲ್ಲಿ ಕಾಯುವುದಿಲ್ಲ, ಬೇರೆ ಊರಿನ ಗೋಡೆ ಅವನನ್ನು ಕರೆಯುತ್ತದೆ.

ನಾನು ಏಳುವುದಿಲ್ಲ. ಯೇಸುಸ್ವಾಮಿ ನ್ಯಾಯಾಧಿಪತಿಯ ಮುಂದೆ ಬಾಯಿ ಬಿಡದೆ ನಿಂತನಲ್ಲ, ನಾನೂ ಹಾಗೇ ಇರುತ್ತೇನೆ. ಆದರೆ ಯಲ್ಲಪ್ಪನಿಗೆ ಬಾಯಿ ಇದೆ. ಯಲ್ಲಪ್ಪ ಅಂದರೆ ನನ್ನ ಗಂಡನ ತಮ್ಮ, ಸಭೆಯ ಹಿರಿಯ. ಸಂಜೆ ಅವನ ಮನೆಗೆ ಹೋಗಿ ಕುಳಿತೆ.

“ದಾನಪ್ಪ ಸಾಯೂವಾಗ ಶಾರವ್ವ ಅಂವನ ಕೈ ಹಿಡದು ಮಾತು ಕೊಟ್ಟಾಳ ಯಲ್ಲಪ್ಪ. ಮತ್ತೊಬ್ಬನ ಮನಿ ಹೊಗಂಗಿಲ್ಲ ಅಂತ.”

“ದೇವರ ಮುಂದ?”

“ದೇವರಿಲ್ಲದ ಜಾಗಾ ಯಾವುದೈತಿ?”

ಈ ಕೊನೆಯ ಮಾತಂತೂ ಸುಳ್ಳಲ್ಲ. ಮೊದಲಿನದಕ್ಕೆ ತುಸು ಉಪ್ಪು ಹಚ್ಚಿದೆ.

ಯಲ್ಲಪ್ಪ ಮೀಸೆ ಸವರಿಕೊಂಡ. “ಮೂರನೇ ಕೂಗಿಗೆ ಎದ್ದು ನಿಂದರ್ತೇನಿ ಅತ್ತಿಗಿ. ಮೊದಲ ಎದ್ದರ ಪಾದ್ರಿಗೆ ಸಮಾಧಾನ ಮಾಡಾಕ ವ್ಯಾಳ್ಯಾ ಸಿಗತೈತಿ.”

ಬುದ್ಧಿವಂತ. ಚಹಾ ಕೊಡಲಿಲ್ಲ, ಆದರೆ ಬುದ್ಧಿವಂತ.

೬ ನವೆಂಬರ್, ಆದಿತ್ಯವಾರ

ಮೊದಲನೆಯ ಕೂಗು. ಪಾದ್ರಿಗಳು ಹಿರೇಕೆರೂರಿನಿಂದ ಸೈಕಲ್ಲಿನ ಮೇಲೆ ಬಂದು, ಧೋತರದ ಎಣ್ಣೆಯ ಕಲೆ ಮರೆಮಾಡಿ ನಿಂತು ಹೆಸರು ಓದಿದರು. ಹಾನಗಲ್ಲ ಸಭೆಯ ಹೂವಪ್ಪ, ಮಾಸೂರ ಸಭೆಯ ಶಾರವ್ವ. ಎಲ್ಲರ ಕುತ್ತಿಗೆ ನನ್ನ ಕಡೆ ತಿರುಗಿತು. ನಾನು ಮೇಲಿನ ತೊಲೆಗಳನ್ನು ನೋಡಿದೆ. ಗೆದ್ದಲು ಹಿಡಿದಿದೆ. ಗೌಂಡಿ ಅದನ್ನು ನೋಡಿಲ್ಲ.

ಆರಾಧನೆ ಮುಗಿದ ಮೇಲೆ ಯಲ್ಲಪ್ಪ ಬಾಗಿಲಲ್ಲಿ ಪಾದ್ರಿಗಳನ್ನು ತಡೆದ. “ಉಡಿಕಿ ಮದುವಿ ಅಂದ್ರ ಒಂದು ಪದ್ಧತಿ ಐತ್ರಿ. ಕತ್ತಲಾದ ಮ್ಯಾಲ ಆಗಬೇಕು.”

ನಮ್ಮ ಹಳೆಯ ಪದ್ಧತಿ ಅದು. ಗಂಡ ಸತ್ತವಳ ಎರಡನೆಯ ಮದುವೆಗೆ ಉಡಿಕೆ ಅನ್ನುತ್ತಾರೆ. ದೀಪ ಹಚ್ಚಿದ ಮೇಲೆ, ವಾದ್ಯವಿಲ್ಲದೆ, ಹಿತ್ತಲ ಬಾಗಿಲಲ್ಲಿ ಒಂದು ಸೀರೆ ಕೊಟ್ಟು ಕಳಿಸುವುದು. ಮುತ್ತೈದೆಯರು ಅವಳ ಮುಖ ನೋಡುವುದಿಲ್ಲ. ನಾವು ದೇವರನ್ನು ಬದಲಿಸಿದೆವು, ಇದೊಂದನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದೆವು.

“ಹಗಲು ಹತ್ತು ತಾಸಿಗೆ, ಮುಂದಿನ ಬಾಗಲದಾಗ,” ಅಂದರು ಪಾದ್ರಿಗಳು.

“ನಮ್ಮ ಹೆಂಗಸರು ಬರಂಗಿಲ್ಲ.”

“ಬಂದವರ ಮುಂದ ಮಾಡೂಣು.”

ನಾನು ಏನೂ ಅನ್ನಲಿಲ್ಲ. ಇಡೀ ದಿನ ಏನೂ ಅನ್ನಲಿಲ್ಲ. ಪಾದ್ರಿ ಅಮ್ಮ ಕೇಳಿದರೆ ಇದನ್ನು ಧೈರ್ಯವಾಗಿ ತೋರಿಸಬಹುದು.

೯ ನವೆಂಬರ್, ಬುಧವಾರ

ಮೌನ. ನಾಲ್ಕನೆಯ ದಿನ. ಶಾರವ್ವ ಬಡಿಸಿದ್ದನ್ನು ಉಣ್ಣುತ್ತೇನೆ, ಮುಖ ನೋಡುವುದಿಲ್ಲ.

“ಆಯಿ, ನಿನಗ ಜ್ವರಾ ಬಂದೈತೇನು?” ಅಂತ ರಿಬ್ಕಿ ಹಣೆ ಮುಟ್ಟಿ ನೋಡಿದಳು. “ಬೈ ಆಯಿ. ಬೈದ್ರ ಚಲೋ ಅನಸತೈತಿ.”

ಒಳ್ಳೆಯವಳಾಗುವುದು ಈ ಮನೆಯಲ್ಲಿ ಯಾರಿಗೂ ಬೇಕಾಗಿಲ್ಲ.

೧೩ ನವೆಂಬರ್, ಆದಿತ್ಯವಾರ

ಎರಡನೆಯ ಕೂಗು. ಯಾರೂ ಏಳಲಿಲ್ಲ.

ಪಾದ್ರಿಗಳ ಪ್ರಸಂಗ ಚೆನ್ನಾಗಿತ್ತು. ಬೇವಿನ ಗಿಡಕ್ಕೆ ದಾರದಿಂದ ಮಾವಿನ ಹಣ್ಣು ಕಟ್ಟಿದರೆ ದೂರದಿಂದ ಮಾವಿನ ಗಿಡದ ಹಾಗೇ ಕಾಣುತ್ತದಂತೆ. ನಾಲ್ಕು ದಿನಕ್ಕೆ ಹಣ್ಣು ಕೊಳೆಯುತ್ತದೆ, ಗಿಡ ಬೇವಾಗಿಯೇ ಉಳಿಯುತ್ತದೆ. ಹಣ್ಣು ಬೇರಿನಿಂದ ಬರಬೇಕಂತೆ. ಇದು ಯಲ್ಲಪ್ಪನಿಗೇ ಹೇಳಿದ್ದು ಅಂತ ಅನ್ನಿಸಿ, ಅವನ ಮುಖ ಹೇಗಾಗಿದೆ ನೋಡೋಣ ಅಂತ ತಿರುಗಿದೆ. ಅವನು ನನ್ನ ಮುಖ ನೋಡುತ್ತಿದ್ದ.

೧೫ ನವೆಂಬರ್, ಮಂಗಳವಾರ

ಭತ್ತದ ಕೊಯ್ಲು ನಡೆದಿದೆ. ಸೊಂಟ ಹಿಡಿದಿದ್ದರಿಂದ ನಾನು ಇವತ್ತು ಹೋಗಿರಲಿಲ್ಲ. ಸಂಜೆ ಶಾರವ್ವ ಬಂದಳು. ಅವಳ ಹಿಂದೆ ಅಂಗಳದಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಕೆಂಪು ಗುರುತು. ಬೆಳಿಗ್ಗೆಯೇ ಕುಡುಗೋಲು ಜಾರಿ ಬಲಗಾಲಿಗೆ ಬಿದ್ದಿತ್ತಂತೆ. ಚಿಂದಿ ಕಟ್ಟಿಕೊಂಡು ಹೊತ್ತು ಮುಳುಗುವವರೆಗೆ ಕೊಯ್ದಿದ್ದಾಳೆ.

ಒಂಬತ್ತು ದಿನದ ಮೌನ ಅಲ್ಲಿಗೆ ಹರಿಯಿತು. “ಕಾಲು ನಿಂದೋ, ಗೌಡಂದೋ? ಮನಿಗೆ ಬರಬೇಕಂತ ತಿಳೀಲಿಲ್ಲೇನು? ಕುಂದ್ರು. ಅಲ್ಲಲ್ಲ, ಇಲ್ಲೆ.”

ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿದೆ. ಗಂಗಾಳ ಮುಂದಿಟ್ಟುಕೊಂಡು ಅವಳ ಕಾಲು ತೊಡೆಯ ಮೇಲೆ ತೆಗೆದುಕೊಂಡೆ. ಅವಳು ಎಳೆದುಕೊಂಡಳು.

“ಬಿಡ್ರಿ ಅತ್ತಿ. ನೀವು ನನ್ನ ಕಾಲು ಮುಟ್ಟಬಾರದು.”

“ಹೊಲಸು ಕಾಲು ತೊಳ್ಯಾಕ ನಿನ್ನ ಅಪ್ಪಣೆ ಕೇಳಬೇಕೇನು? ಸುಮ್ಮನ ಕುಂದ್ರು.”

ಬಿರುಕಿನ ತುಂಬ ಕೆಸರು. ಕೆಸರು ಹೋಗಬೇಕಾದರೆ ಮೂರು ಸಲ ನೀರು ಬದಲಿಸಬೇಕಾಯಿತು. ಇಪ್ಪತ್ತೇಳು ವರ್ಷದವಳ ಕಾಲು ನನ್ನ ಕಾಲಿಗಿಂತ ಹಳೆಯದಾಗಿದೆ. ನನ್ನ ಸೆರಗಿನಿಂದ ಒರೆಸಿ, ಅರಿಶಿನ ಮೆತ್ತಿ ಕಟ್ಟಿದೆ. ಬೇರೆ ಬಟ್ಟೆ ಕೈಗೆ ಸಿಗಲಿಲ್ಲ. ಅವಳು ಅಳುತ್ತಿದ್ದಳು. ಉರಿಯುತ್ತದೇನು ಅಂದರೆ ಇಲ್ಲ ಅಂದಳು.

ಆಮೇಲೆ ಕೇಳಿದಳು. “ಅತ್ತಿ, ನೀವು ಯಾಕ ಮತ್ತ ಮದುವಿ ಆಗಲಿಲ್ಲ?”

ಮೂವತ್ತೆಂಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೇಳಿದೆ. ಪ್ಲೇಗಿಗೆ ಗಂಡ ಹೋದಾಗ ನನಗೆ ಇಪ್ಪತ್ತೆರಡು, ದಾನಪ್ಪ ಎರಡು ವರ್ಷದ ಕೂಸು. ಆಡೂರಿನ ದ್ಯಾಮಪ್ಪ ಉಡಿಕೆಗೆ ಕೇಳಿದ. ಮಗುವನ್ನೂ ಸಾಕುತ್ತೇನೆ ಅಂದಿದ್ದ. ಚಕ್ಕಡಿ ತಂದು ಬಾಗಿಲ ಮುಂದೆ ನಿಲ್ಲಿಸಿದ. ಮಗುವನ್ನು ಎತ್ತಿಕೊಂಡು ಹೊರಗೆ ಬರುವುದಕ್ಕೂ ಅತ್ತೆ ಹೊಸ್ತಿಲಿಗೆ ಅಡ್ಡ ಮಲಗುವುದಕ್ಕೂ ಸರಿಹೋಯಿತು. “ಹೋಗಾಕಿ ನನ್ನ ದಾಟಿ ಹೋಗು” ಅಂದಳು. ಹಿರಿಯರ ಮೈ ದಾಟುವುದುಂಟೇ? ನಿಂತೆ. ಚಕ್ಕಡಿ ಮಧ್ಯಾಹ್ನದವರೆಗೆ ನಿಂತಿತ್ತು. ಆಮೇಲೆ ಕೆರೆ ಏರಿಯ ಮೇಲೆ ಅದರ ಗಾಲಿಯ ಸದ್ದು ಕೇಳಿಸುತ್ತ ಕೇಳಿಸುತ್ತ ಹೋಯಿತು.

“ನೀವು ಅತ್ರೇನು?” ಅಂದಳು ಶಾರವ್ವ.

“ಅಳಾಕ ಎಲ್ಲಿ ಬಿಟ್ಟಳು? ಅಕಿ ಹೊಸ್ತಿಲದಿಂದ ಎದ್ದಾಕಿನ, ಹಸಿವಾಗೈತಿ ರೊಟ್ಟಿ ಬಡಿ ಅಂದಳು.”

ಇಬ್ಬರೂ ನಕ್ಕೆವು. ನಗುವಂಥದ್ದು ಏನೂ ಇರಲಿಲ್ಲ.

೧೬ ನವೆಂಬರ್, ಬುಧವಾರ, ಬೆಳಿಗ್ಗೆ

ಕಸ ಹೊಡೆಯುತ್ತ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟೆ.

ಯೇಸುಸ್ವಾಮಿ ನನ್ನ ಹೃದಯದಲ್ಲಿ ಬಂದು ಕುಳಿತಿದ್ದಾನೆ ಅಂತ ಇಷ್ಟು ವರ್ಷ ಕೈ ತಟ್ಟಿ ಹಾಡಿದ್ದೇನೆ. ಇವತ್ತು ಬಾಗಿಲು ತೆರೆದು ನೋಡಿದರೆ ಒಳಗೆ ಕುಳಿತಿರುವವಳು ನನ್ನ ಅತ್ತೆ. ಅದೇ ಮುಖ, ಅದೇ ಬಿಗಿದ ತುಟಿ.

ಇದನ್ನೂ ಬರೆದುಬಿಡುತ್ತೇನೆ. ಹಾವು ಕಚ್ಚಿದ ಮೇಲೆ ದಾನಪ್ಪ ಎರಡು ತಾಸು ಇದ್ದ. ಶಾರವ್ವ ಮದ್ದು ಕೊಡುವವನನ್ನು ಕರೆಯಲು ಓಡಿದ್ದಳು. ಅವಳು ಅವನ ಕೈ ಹಿಡಿಯಲೂ ಇಲ್ಲ, ಮಾತು ಕೊಡಲೂ ಇಲ್ಲ. ಹತ್ತಿರ ಇದ್ದವಳು ನಾನೊಬ್ಬಳೇ. ಅವನು ಅಂದದ್ದು: “ಯವ್ವ, ಶಾರಿ ಸಣ್ಣಾಕಿ. ಅಕಿಗೆ ಅಡ್ಡ ಬರಬ್ಯಾಡ.” ಅದನ್ನು ಯಾರಿಗೂ ಹೇಳಿಲ್ಲ.

೧೭ ನವೆಂಬರ್, ಗುರುವಾರ

ಯಲ್ಲಪ್ಪನ ಮನೆಗೆ ಹೋದೆ. ಎದ್ದು ನಿಲ್ಲುವುದು ಬೇಡ ಅಂದೆ.

“ಸೊಸಿ ಅತ್ತಳು, ನೀ ಕರಗಿದಿ,” ಅಂದ.

“ಸುಳ್ಳ ಹೇಳೇನಿ ಯಲ್ಲಪ್ಪ. ಮಾತು ಕೊಟ್ಟಿದ್ದು ಇಲ್ಲ ಏನಿಲ್ಲ.”

“ಅವತ್ತ ಸುಳ್ಳ ಹೇಳಿದ್ದಿ ಅಂದ್ರ ಇವತ್ತಿಂದು ಖರೆ ಅಂತ ಹೆಂಗ ನಂಬಲಿ?”

“ಕೊಟ್ಟಿಲ್ಲ ಅಂದ್ರ ಕೊಟ್ಟಿಲ್ಲ!” ಅಂತ ದನಿ ಏರಿಸಿದೆ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಯಲ್ಲಪ್ಪ ಆ ಕಡೆ ನೋಡಿ ದನಿ ತಗ್ಗಿಸಿದ. “ಸಾವಕಾಶ ಮಾತಾಡು. ಅಕಿ ಕೇಳ್ಯಾಳು.” ಅಲ್ಲಿದ್ದದ್ದು ಅವನ ಮಗಳು ಮಂಜವ್ವ. ಇಪ್ಪತ್ತು ವರ್ಷ. ಗಂಡ ಸತ್ತು ಎರಡು ವರ್ಷವಾದರೂ ಅವಳು ಬೀದಿಗೆ ಬಂದದ್ದನ್ನು ಯಾರೂ ನೋಡಿಲ್ಲ. ಆಗ ತಿಳಿಯಿತು. ಅವನಿಗೆ ಶಾರವ್ವನ ಮದುವೆಯ ಚಿಂತೆಯಲ್ಲ. ಹಗಲು ಹತ್ತು ತಾಸಿಗೆ ಒಬ್ಬಳ ಮದುವೆಯಾದರೆ ನಾಳೆ ಜನ ಅವನ ಮನೆಯ ಬಾಗಿಲ ಕಡೆ ನೋಡುತ್ತಾರೆ.

ಪಾದ್ರಿಗಳಿಗೆ ಗುಟ್ಟಾಗಿ ಹೇಳಿದರೆ ಸಾಕಲ್ಲ ಅಂದುಕೊಂಡು ಹಿರೇಕೆರೂರಿನ ಸಂತೆಯಿಂದ ಬಂದವರ ಹತ್ತಿರ ವಿಚಾರಿಸಿದೆ. ಶಿಗ್ಗಾಂವಿಗೆ ಹೋಗಿದ್ದಾರಂತೆ. ಆದಿತ್ಯವಾರ ನೇರವಾಗಿ ಸಭೆಗೇ ಬರುತ್ತಾರಂತೆ.

೧೯ ನವೆಂಬರ್, ಶನಿವಾರ

ಗಾಯ ಒಣಗುತ್ತಿದೆ. ದಿನಾ ತೊಳೆದು ಕಟ್ಟುತ್ತೇನೆ. ಇವತ್ತು ಕಾಲು ಹಿಡಿದಿದ್ದಾಗ ಶಾರವ್ವನಿಗೆ ಎಲ್ಲ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. “ಉಗುರು ಬೆಳದಾವು, ತಕ್ಕೊ” ಅಂದೆ. ಊರನ್ನೆಲ್ಲ ಅಂದಾಡಿದ ಬಾಯಿ ಇದು. ಬೇಕಾದ ಮಾತು ಒಂದು ಬರುವುದಿಲ್ಲ.

೨೦ ನವೆಂಬರ್, ಆದಿತ್ಯವಾರ

ಮೂರನೆಯ ಕೂಗು.

ಹೊಸ ಗೋಡೆಯ ಸುಣ್ಣ ಇನ್ನೂ ಹಸಿ, ಮೂಗಿಗೆ ಹೊಡೆಯುತ್ತಿತ್ತು. ಹೂವಪ್ಪ ಗಂಡಸರ ಕಡೆಯ ಕೊನೆಯ ಸಾಲಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದ. ಶಾರವ್ವ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಾದ್ರಿಗಳು ಹೆಸರು ಓದಿ, ತಕರಾರಿದ್ದವರು ಈಗಲೇ ಹೇಳಿರಿ, ಇದು ಕೊನೆಯ ಸಲ ಅಂದರು.

ಯಲ್ಲಪ್ಪ ಎದ್ದ. “ತಕರಾರು ಐತ್ರಿ. ಈ ಹೆಣ್ಣುಮಗಳು ಸಾಯೂ ಗಂಡಗ, ದೇವರ ಮುಂದ, ಮತ್ತ ಮದುವಿ ಆಗಂಗಿಲ್ಲ ಅಂತ ಮಾತು ಕೊಟ್ಟಾಳ. ಮಾತು ಮುರಿಯೂ ಮದುವಿ ಈ ಮನ್ಯಾಗ ಆಗಬಾರದು.”

ಶಾರವ್ವ ಗೋಡೆ ಹಿಡಿದು ಎದ್ದು ನಿಂತಳು. “ನಾ ಹಂಗ ಮಾತು ಕೊಟ್ಟಿಲ್ರಿ. ಅಂವ ಹೋಗೂವಾಗ ನಾ ಹತ್ರ ಇರಲೂ ಇಲ್ಲ.”

“ನಿನ್ನ ಅತ್ತಿನ ಹೇಳ್ಯಾಳ.”

ಶಾರವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ನಾನು ಕುಳಿತೇ ಇರುತ್ತಿದ್ದೆನೇನೋ. ಸಿಟ್ಟಿಗೆ ಸಿಟ್ಟು ಕೊಡುವುದು ನನಗೆ ಬರುತ್ತದೆ. ಅವಳು ಯಲ್ಲಪ್ಪನನ್ನು ನಂಬಿರಲಿಲ್ಲ. ನನ್ನನ್ನು ನಂಬಿದ್ದಳು. ನನ್ನ ಮೇಲೆ ಸುಳ್ಳು ಹೊರಿಸುತ್ತಿದ್ದಾನಲ್ಲ ಅಂತ ನನಗಾಗಿ ಕೆಂಪಾಗಿ ನಿಂತಿದ್ದಳು.

“ನಾಗವ್ವ, ಏನಂತೀರಿ?” ಅಂದರು ಪಾದ್ರಿಗಳು.

ಎದ್ದೆ. ಮೊಣಕಾಲು ಎರಡೂ ಸದ್ದು ಮಾಡಿದವು.

“ಹೇಳೇನ್ರಿ. ಯಲ್ಲಪ್ಪಗ ನಾನ ಹೇಳೇನಿ. ಅದು ಸುಳ್ಳು. ಅಕಿ ಮಾತು ಕೊಟ್ಟಿಲ್ಲ. ನನ್ನ ಮಗ ಸಾಯೂವಾಗ ಅಕಿ ಮದ್ದು ತರಾಕ ಬರಿಗಾಲಲೆ ಓಡಿ ಹೋಗಿದ್ದಳು. ಅಂವ ಅಂದದ್ದು ನಾ ಒಬ್ಬಾಕಿನ ಕೇಳೇನಿ. ಶಾರಿ ಸಣ್ಣಾಕಿ, ಅಕಿಗೆ ಅಡ್ಡ ಬರಬ್ಯಾಡ ಅಂದ. ಸಾಯೂ ಮಗನ ಮಾತು ಮೂರು ವರ್ಷ ಮುಚ್ಚಿ ಇಟ್ಟು, ಅದರ ಜಾಗಾದಾಗ ನಂದೊಂದು ಮಾತು ಇಟ್ಟೆ.”

ಹಿಂದೆ ಯಾರೋ “ಅವ್ವಯ್ಯ” ಅಂದರು. ಇನ್ನಾರೋ ನಕ್ಕರು.

“ಸಭಾದಾಗ ನಿಂತು ಮನಿ ಮರ್ಯಾದಿ ಕಳೀತಿಯಲ್ಲ ಅತ್ತಿಗಿ,” ಅಂದ ಯಲ್ಲಪ್ಪ.

“ಕಳದದ್ದು ಅವತ್ತ, ನಿನ್ನ ಕಟ್ಟಿ ಮ್ಯಾಲ ಕುಂತು. ಇವತ್ತು ಹುಡುಕಾಕತ್ತೇನಿ. ಯಲ್ಲಪ್ಪ, ನಿಮ್ಮವ್ವ ನನ್ನ ಮುಂದ ಹೊಸ್ತಿಲಕ್ಕ ಅಡ್ಡ ಬಿದ್ದಾಗ ನೀ ಹತ್ತು ವರ್ಷದಾಂವ, ಕಂಬಾ ಹಿಡಕೊಂಡು ನಿಂತು ನೋಡಿದಿ. ಅಕಿ ಮೈಯಿಂದ ಬಿದ್ದಳು, ನಾ ಬಾಯಿಂದ ಬಿದ್ದೆ. ಬಿದ್ದಿದ್ದು ಸಾಕು. ಏಳಾಕತ್ತೇನಿ. ಅವರನ್ನ ಹೋಗಗೊಡು.”

ಇನ್ನೂ ಇತ್ತು ಹೇಳಲಿಕ್ಕೆ. ಅವನ ಮೀಸೆಯ ಬಗ್ಗೆ, ಅವನ ಅಡಿಗೆಮನೆಯ ಬಗ್ಗೆ ನಾಲ್ಕು ಮಾತು ತಯಾರಾಗಿ ಸಾಲಿನಲ್ಲಿ ನಿಂತಿದ್ದವು. ಅವನ ಕಣ್ಣು ನೋಡಿದೆ. ಕಂಬ ಹಿಡಿದುಕೊಂಡಿದ್ದ ಆ ಹತ್ತು ವರ್ಷದ ಹುಡುಗನ ಕಣ್ಣೇ ಅವು. ಕುಳಿತುಬಿಟ್ಟೆ.

ಪಾದ್ರಿಗಳು ತಕರಾರು ನಿಲ್ಲುವುದಿಲ್ಲ ಅಂತ ಹೇಳಿ, ಮದುವೆ ಬುಧವಾರ ಹತ್ತು ತಾಸಿಗೆ ಅಂದರು. ಆಮೇಲೆ ಮೆತ್ತಗೆ ನನಗೂ ಹೇಳಿದರು. ಸಭೆಯ ನಿಯಮ ಉಂಟು. ಸುಳ್ಳು ಸಾಕ್ಷಿ ಹೇಳಿದವರು ಮೂರು ತಿಂಗಳು ಕರ್ತನ ಭೋಜನಕ್ಕೆ, ಅಂದರೆ ಸ್ವಾಮಿಯ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸಕ್ಕೆ, ಕೂಡುವಂತಿಲ್ಲ. ಕ್ರಿಸ್ಮಸ್ಸಿನದೂ ಹೋಯಿತು. ಆಗಲಿ ಅಂದೆ. ಬಾಗಿಲ ಹತ್ತಿರ ಕೂರುತ್ತೇನೆ, ಅಲ್ಲಿ ಗಾಳಿಯಾದರೂ ಬರುತ್ತದೆ.

ದಾರಿಯಲ್ಲಿ ಶಾರವ್ವ ಕೇಳಿದಳು. “ಅಂವ ಖರೇನ ಹಂಗ ಅಂದನೇನು?”

“ಅಂದ. ನಿನ್ನ ಸಲುವಾಗಿ ಇಟ್ಟು ಹೋದ ಮಾತು. ನಾ ಇಟಗೊಂಡಿದ್ದೆ. ತಗೋ.”

ಅವಳು ಕುಂಟುತ್ತ ಮುಂದೆ ಹೋದಳು. ನನ್ನನ್ನು ಬಿಟ್ಟು, ತಿರುಗಿ ನೋಡದೆ. ನ್ಯಾಯವೇ ಅದು. ಬಾವಿಯ ಹತ್ತಿರ ನಿಂತಳು. ಅತ್ತು ಮುಖ ತೊಳೆದುಕೊಂಡಳು. ನಾನು ಬಂದು ಮುಟ್ಟುವವರೆಗೆ ಅಲ್ಲೇ ನಿಂತಿದ್ದು, ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದಳು.

ಪಾದ್ರಿ ಅಮ್ಮ ಕೇಳಿದ್ದಕ್ಕೆ ಇವತ್ತೂ ಬರೆಯುವಂಥದ್ದು ಇಲ್ಲ. ಸುಳ್ಳು ಹೇಳಿದವಳು ಸುಳ್ಳು ಅಂತ ಒಪ್ಪಿಕೊಂಡಳು. ಅದು ಯಾವ ದೊಡ್ಡ ಮಾತು?

೨೨ ನವೆಂಬರ್, ಮಂಗಳವಾರ

ಓಣಿಯ ಹೆಂಗಸರು ಹಗಲು ಮದುವೆಗೆ ಬರುವುದಿಲ್ಲವಂತೆ. ಎದುರು ಮನೆಯವಳಿಗೆ ಹೊಟ್ಟೆನೋವು, ಅದರಾಚೆಯವಳಿಗೆ ನೆಂಟರು. ಬೈಯಲಿಲ್ಲ. ನಾನೇ ಕಲಿಸಿದ ಪಾಠವನ್ನು ಅವರು ಒಪ್ಪಿಸುತ್ತಿದ್ದಾರೆ.

ಬಳೆಗಾರ್ತಿ ಚಮನಬಿ ಬಂದಳು. ಕಟ್ಟೆಯ ಮೇಲೆ, ಬಿಸಿಲಿನಲ್ಲಿ ಹರವು ಅಂದೆ. ಶಾರವ್ವ ಕೈ ಕೊಡಲು ಹಿಂದೆ ಮುಂದೆ ನೋಡಿದಳು.

“ಕೊಡವ್ವ ತಂಗಿ,” ಅಂದಳು ಚಮನಬಿ. “ಕೈ ಮೆತ್ತಗ ಮಾಡು. ಹೆದರಿದ ಕೈಗೆ ಬಳಿ ಏರಂಗಿಲ್ಲ.”

ಹಸಿರು ಬಳೆ, ಒಂದೊಂದು ಕೈಗೆ ಎಂಟೆಂಟು. ಒಂದೂ ಒಡೆಯಲಿಲ್ಲ.

ಹೂವಪ್ಪನೂ ಬಂದಿದ್ದ. ಬಾಗಿಲಲ್ಲಿ ನಿಂತ.

“ನಿಂತಿದ್ದು ಯಾಕ? ಒಳಗ ಬಾ. ಆ ಹೊಸಾ ಖೋಲಿಗೆ ಕಿಟಕಿ ಮೂಡಲ ಕಡೆ ಇಡು. ನನಗ ನಸುಕಿನ್ಯಾಗ ಎಚ್ಚರ ಆಗತೈತಿ.”

ಅವನು ಒಂದು ರೊಟ್ಟಿ ಬೇಯುವಷ್ಟು ಹೊತ್ತು ನನ್ನನ್ನೇ ನೋಡಿದ. “ಎರಡು ಕಿಟಕಿ ಇಡತೇನಿ ಅವ್ವ,” ಅಂದ.

೨೩ ನವೆಂಬರ್, ಬುಧವಾರ

ಮದುಮಗಳನ್ನು ಮನೆಯಿಂದ ಪ್ರಾರ್ಥನೆ ಮನೆಗೆ ಮುತ್ತೈದೆ ಕೈ ಹಿಡಿದು ಕರೆದುಕೊಂಡು ಹೋಗಬೇಕು. ಹತ್ತು ತಾಸಾಗುತ್ತ ಬಂದರೂ ಯಾವ ಮುತ್ತೈದೆಯೂ ಬರಲಿಲ್ಲ. ಬಾಗಿಲು ಬಾಗಿಲಲ್ಲಿ ನಿಂತಿದ್ದರು, ಸೆರಗು ಬಾಯಿಗೆ ಹಿಡಿದುಕೊಂಡು.

“ಯಾರೂ ಬರಲಿಲ್ಲಲ್ಲ ಅತ್ತಿ,” ಅಂದಳು ಶಾರವ್ವ.

“ನಾ ಯಾರೂ ಅಲ್ಲೇನು?” ಅಂದೆ. ಅವಳ ಬಳೆಯ ಕೈ ಹಿಡಿದೆ. ರಿಬ್ಕಿ ಮುಂದೆ. ಮೂವರೂ ನಡು ಬೀದಿಗೆ ಇಳಿದೆವು. ಬಿಸಿಲು ಚುರುಗುಟ್ಟುತ್ತಿತ್ತು.

ಮದುವೆ ಅಂದಮೇಲೆ ಹಾಡು ಬೇಕು. ಹಾಡುವವರಿಲ್ಲ. ನಾನೇ ಶುರು ಮಾಡಿದೆ. ಎಣ್ಣೆ ಕಾಣದ ಗಾಲಿಯ ದನಿ ನನ್ನದು, ನನಗೆ ಗೊತ್ತು. ಕಟ್ಟೆಯ ಮೇಲಿನ ನಾಯಿ ಎದ್ದು ಹೋಯಿತು. ಹಾಡುತ್ತ ನಡೆದೆವು.

ಯಲ್ಲಪ್ಪ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಹೆಗಲ ಹಿಂದೆ, ಕತ್ತಲಲ್ಲಿ, ಮಂಜವ್ವನ ಅರ್ಧ ಮುಖ. ಶಾರವ್ವನ ಹೆಜ್ಜೆ ಎಳೆಯುತ್ತಿತ್ತು, ಗಾಯ ಪೂರ್ತಿ ಮಾಯ್ದಿಲ್ಲ. ನಿಂತೆ.

“ಮಂಜವ್ವ,” ಅಂದೆ, “ನಿಮ್ಮಕ್ಕನ ಕಾಲು ನೋಯಾಕತ್ತೈತಿ. ಆ ಕಡೆ ಕೈ ಹಿಡ್ಯಾಕ ಒಬ್ಬರು ಬೇಕಾಗ್ಯಾರ.”

ಯಾರೂ ಅಲುಗಲಿಲ್ಲ.

“ಯಲ್ಲಪ್ಪ,” ಅಂದೆ. ಬೇರೇನೂ ಅನ್ನಲಿಲ್ಲ. ಬೈಗುಳ ಬರುತ್ತದೆ ಅಂತ ಅವನು ಹೆಗಲು ಬಿಗಿ ಮಾಡಿ ಕಾದ. ಕಾದು ಕಾದು ನನ್ನ ಮುಖ ನೋಡಿದ. ನಾನೂ ನೋಡಿದೆ. ಅವನ ತುಟಿ ಅಲುಗಿತು. ಏನಂದನೋ ಕೇಳಿಸಲಿಲ್ಲ. ಪಕ್ಕಕ್ಕೆ ಸರಿದ.

ಮಂಜವ್ವ ಬಿಸಿಲಿಗೆ ಬಂದಳು. ಕಣ್ಣು ತೆರೆಯಲಾಗದೆ ಕೈ ಅಡ್ಡ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಬಂದು ಶಾರವ್ವನ ಇನ್ನೊಂದು ಕೈ ಹಿಡಿದಳು. ಹಾಡಿನ ಸಾಲು ಎಲ್ಲಿ ಬಿಟ್ಟಿದ್ದೆ ಅಂತ ನನಗೆ ಮರೆತುಹೋಗಿತ್ತು. ಅವಳೇ ಎತ್ತಿಕೊಂಡಳು. ಎರಡು ವರ್ಷ ಯಾರೂ ಕೇಳದ ದನಿ, ಕೆರೆಯ ನೀರಿನ ಹಾಗೆ ತಣ್ಣಗಿತ್ತು.

ಹಿಂದೆ ಒಂದು ಬಾಗಿಲು ಸದ್ದು ಮಾಡಿತು. ಹೊಟ್ಟೆನೋವಿನವಳು ಸೆರಗು ಸರಿಮಾಡಿಕೊಳ್ಳುತ್ತ ಇಳಿದು ಬಂದಳು. ಅವಳ ಹಿಂದೆ ನೆಂಟರಿದ್ದವಳು, ನೆಂಟರ ಸಮೇತ. ಆಮೇಲೆ ನಾನು ತಿರುಗಿ ನೋಡಲಿಲ್ಲ. ಹಿಂದೆ ಹೆಜ್ಜೆಗಳು ಕೂಡುತ್ತಲೇ ಇದ್ದವು, ದನಿಗಳು ಕೂಡುತ್ತಲೇ ಇದ್ದವು. ಮೂಲೆ ತಿರುಗಿ ಹೊಸ ಗೋಡೆ ಕಾಣುವ ಹೊತ್ತಿಗೆ ಬೀದಿಯ ತುಂಬ ಹಾಡು. ನಾನು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆ, ಆದರೆ ನನ್ನ ದನಿ ನನಗೇ ಕೇಳಿಸಲಿಲ್ಲ.